ಮಕ್ಕಳ ಶಿಬಿರದ ತೋಟದಲ್ಲಿ ತರಕಾರಿ ಬಿಟ್ಟಿದೆ, ಮುಂದೇನು?

ಬೇಸಿಗೆ ಶಿಬಿರ ನಡೆಸುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬೀಜ ಹಾಕಿದ್ದಾಯಿತು, ಮಕ್ಕಳು ದಿನಾ ನೀರು ಹಾಕಿದ್ದೂ ಆಯಿತು. ಈಗ ಗಿಡದ ತುಂಬ ಕಾಯಿ. ಯಾವಾಗ ಕೀಳಬೇಕು? ಯಾರು ಕೀಳಬೇಕು? ಕಿತ್ತಿದ್ದನ್ನ ಏನು ಮಾಡಬೇಕು? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಮಕ್ಕಳು ತಿಂತಾರಾ?

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ತುಂಬ ಜನ ಶಿಬಿರದ ಕೊನೇ ದಿನಕ್ಕೆ ದೊಡ್ಡ ಕೊಯ್ಲು ಅಂತ ಇಟ್ಟುಕೊಂಡಿರುತ್ತಾರೆ. ಅಲ್ಲಿವರೆಗೆ ಯಾರೂ ಕಾಯಿ ಮುಟ್ಟಬೇಡಿ ಅಂತ ಮಕ್ಕಳಿಗೆ ತಾಕೀತು ಬೇರೆ. ಎಡವಟ್ಟಾಗುವುದು ಇಲ್ಲೇ. ನಿಮ್ಮ ವೇಳಾಪಟ್ಟಿ ಗಿಡಕ್ಕೆ ಗೊತ್ತಿಲ್ಲ. ಹತ್ತು ದಿನ ಕಾಯಿಸಿದ ಬೆಂಡೆಕಾಯಿ ಕೊನೇ ದಿನ ಕಟ್ಟಿಗೆಯಾಗಿರುತ್ತದೆ, ಸೌತೆಕಾಯಿ ಹಳದಿ ತಿರುಗಿರುತ್ತದೆ. ಅದನ್ನು ಅಗಿದ ಮಗು ತರಕಾರಿಯೇ ಬೇಡ ಅನ್ನುತ್ತದೆ, ತಪ್ಪು ಅದರದ್ದಲ್ಲ. ಹಾಗಾಗಿ ಇಲ್ಲಿ ಹೇಳುವ ಕ್ರಮ ಬೇರೆ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೀಳುವುದು, ಅವತ್ತು ಕಿತ್ತಿದ್ದನ್ನ ಅವತ್ತೇ ತಿನ್ನುವುದು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ತುದಿ ಮೊಂಡಾಗಿರುವ ಕತ್ತರಿ ನಾಲ್ಕೈದು, ಗಾಳಿಯಾಡುವ ಬುಟ್ಟಿಗಳು, ಒಂದೆರಡು ಒದ್ದೆ ಹತ್ತಿಬಟ್ಟೆ, ತೊಳೆಯಲು ದೊಡ್ಡ ಪಾತ್ರೆ, ಸೋಪು, ಒಂದು ತಕ್ಕಡಿ, ಪ್ರಥಮ ಚಿಕಿತ್ಸೆಯ ಡಬ್ಬ, ಒಂದು ನೋಟ್‌ಬುಕ್ಕು. ಪ್ಲಾಸ್ಟಿಕ್ ಚೀಲ ಬೇಡ. ಬಿಸಿಲಿಗೆ ಅದರೊಳಗೆ ತರಕಾರಿ ಬೆವೆತು ಅರ್ಧ ಗಂಟೆಯಲ್ಲೇ ಸೊರಗುತ್ತದೆ.

1. ಹಿಂದಿನ ದಿನ: ದೊಡ್ಡವರ ಕೆಲಸ

ಮಕ್ಕಳಿಲ್ಲದ ಹೊತ್ತಿನಲ್ಲಿ ತೋಟವನ್ನು ಒಂದು ಸುತ್ತು ಹಾಕಿ. ನಾಳೆ ಯಾವುದು ಕೀಳಲು ಬರುತ್ತದೆ ಅಂತ ನೋಡಿಕೊಂಡು, ಆ ಗಿಡದ ಪಕ್ಕದ ಕೋಲಿಗೆ ಬಣ್ಣದ ದಾರ ಕಟ್ಟಿ. ದಾರ ಇರುವ ಗಿಡ ಮಾತ್ರ ಮುಟ್ಟಬಹುದು ಅನ್ನುವ ಒಂದೇ ನಿಯಮ ಹತ್ತು ಸಲ ಕೂಗಿ ಹೇಳುವುದನ್ನು ತಪ್ಪಿಸುತ್ತದೆ.

ಆಮೇಲೆ ನಾಲ್ಕು ವಿಷಯ ಖಚಿತಪಡಿಸಿಕೊಳ್ಳಿ.

ಒಂದು, ಗಿಡಕ್ಕೆ ಏನಾದರೂ ಔಷಧಿ ಹೊಡೆದಿದ್ದರೆ ಅದರ ಚೀಟಿಯಲ್ಲಿ 'ಕಾಯುವ ಅವಧಿ' ಬರೆದಿರುತ್ತದೆ. ಹೊಡೆದ ದಿನದಿಂದ ಕೀಳುವ ದಿನದವರೆಗೆ ಎಷ್ಟು ದಿನ ಬಿಡಬೇಕು ಅನ್ನುವ ಲೆಕ್ಕ ಅದು. ಬೇವಿನ ಔಷಧಿಯಾದರೂ ಚೀಟಿ ಓದಿ.

ಎರಡು, ಗೊಬ್ಬರ. ಚೆನ್ನಾಗಿ ಕಳಿತ ಗೊಬ್ಬರ ಹಾಕಿದ್ದರೆ ಚಿಂತೆಯಿಲ್ಲ. ಹಸಿ ಸಗಣಿ ಅಥವಾ ಕೋಳಿ ಗೊಬ್ಬರ ನೇರವಾಗಿ ಹಾಕಿದ್ದರೆ ಅದರಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಸಾವಯವ ಕೃಷಿಯಲ್ಲಿ ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಇಷ್ಟು: ಮಣ್ಣಿಗೆ ತಾಗುವ ತರಕಾರಿಗೆ ಹಸಿ ಗೊಬ್ಬರ ಹಾಕಿ 120 ದಿನ, ತಾಗದ್ದಕ್ಕೆ 90 ದಿನ ಆಗಿರಬೇಕು. ಬೇಸಿಗೆಯ ಒಂದು ಬೆಳೆಗೆ ಇಷ್ಟು ದಿನ ಸಿಗುವುದು ಕಷ್ಟ. ಹಾಗಾಗಿ ಮಕ್ಕಳ ತೋಟಕ್ಕೆ ಹಸಿ ಗೊಬ್ಬರವೇ ಬೇಡ ಅನ್ನುವುದು ನನ್ನ ಮತ.

ಮೂರು, ಅಲರ್ಜಿ ಇರುವ ಮಕ್ಕಳ ಪಟ್ಟಿ. ಶಿಬಿರಕ್ಕೆ ಸೇರಿಸುವಾಗ ಪೋಷಕರು ಬರೆದುಕೊಟ್ಟಿರುತ್ತಾರೆ, ಆದರೆ ಆ ಕಾಗದ ಆಫೀಸಿನ ಡ್ರಾಯರಿನಲ್ಲಿ ಮಲಗಿರುತ್ತದೆ. ಅದರ ಒಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲಿರಲಿ.

ನಾಲ್ಕು, ವಾಂತಿ ಭೇದಿ ಆದ ಮಗು, ಅಷ್ಟೇ ಅಲ್ಲ ದೊಡ್ಡವರೂ, ಅದು ನಿಂತು 48 ಗಂಟೆ ಕಳೆಯುವವರೆಗೆ ಬೇರೆಯವರು ತಿನ್ನುವ ತರಕಾರಿ ಮುಟ್ಟಬಾರದು. ಆ ಮಗುವಿಗೆ ನೋಟ್‌ಬುಕ್ಕಿನ ಕೆಲಸ ಕೊಡಿ, ಬೇಜಾರಾಗುವುದಿಲ್ಲ.

2. ಬೆಳಗಿನ ಹೊತ್ತು, ಸಣ್ಣ ಗುಂಪು

ಕೀಳುವುದು ಬೆಳಿಗ್ಗೆಯೇ ಆಗಬೇಕು. ರಾತ್ರಿಯಿಡೀ ಗಿಡ ನೀರು ಎಳೆದುಕೊಂಡಿರುತ್ತದೆ, ಕಾಯಿ ಸೊಪ್ಪು ಎರಡೂ ಗಟ್ಟಿಯಾಗಿ ತಂಪಾಗಿರುತ್ತವೆ. ಮಧ್ಯಾಹ್ನ ಕಿತ್ತ ತರಕಾರಿ ಬಿಸಿಲಿನ ಕಾವನ್ನೂ ಹೊತ್ತುಕೊಂಡೇ ಬರುತ್ತದೆ, ಬೇಗ ಬಾಡುತ್ತದೆ. ಬಿಸಿಲೇರಿದ ಮೇಲೆ ಮಕ್ಕಳೂ ಬಾಡುತ್ತಾರೆ. ಟೋಪಿ ಇರಲಿ, ನೀರಿನ ಬಾಟಲಿ ಇರಲಿ.

ಹಾಗಂತ ಎದ್ದ ಕೂಡಲೇ ತೋಟಕ್ಕೆ ನುಗ್ಗಬೇಡಿ. ಎಲೆ ಮೇಲೆ ಇಬ್ಬನಿ ಇರುವಾಗ ಗಿಡ ಮುಟ್ಟಿದರೆ ಒಂದು ಗಿಡದ ರೋಗ ಕೈ ಮೂಲಕ ಇನ್ನೊಂದಕ್ಕೆ ಹೋಗುತ್ತದೆ. ಬೀನ್ಸ್ ಗಿಡಕ್ಕಂತೂ ಇದು ಆಗಿಬರುವುದಿಲ್ಲ. ಎಲೆ ಆರಿದ ಮೇಲೆ, ಬಿಸಿಲು ಜೋರಾಗುವ ಮುಂಚೆ, ನಡುವೆ ಸಿಗುವ ಒಂದು ಒಂದೂವರೆ ಗಂಟೆಯೇ ಒಳ್ಳೆಯ ಹೊತ್ತು.

ಒಂದು ಸಲಕ್ಕೆ ಆರರಿಂದ ಎಂಟು ಮಕ್ಕಳು ಸಾಕು, ಜೊತೆಗೆ ಒಬ್ಬರು ದೊಡ್ಡವರು. ಮೂವತ್ತು ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಕಾಯಿಗಿಂತ ಬಳ್ಳಿಯೇ ಜಾಸ್ತಿ ಬುಟ್ಟಿಗೆ ಬರುತ್ತದೆ. ನನಗೇ ಆಗಿದೆ. ಉಳಿದವರು ಅವತ್ತು ತೊಳೆಯುವ, ತೂಕ ಹಾಕುವ, ಹೆಚ್ಚುವ ಕೆಲಸದಲ್ಲಿರಲಿ. ಮುಂದಿನ ಸರದಿಯಲ್ಲಿ ಅವರು ಕೀಳಲಿ.

3. ಯಾವ ಕಾಯಿ ಯಾವಾಗ

ಕೆಲಸದ ಜೀವ ಇರುವುದೇ ಇಲ್ಲಿ, ಸ್ವಲ್ಪ ನಿಧಾನವಾಗಿ ನೋಡೋಣ. ಮಕ್ಕಳಿಗೆ ದಿನ ಎಣಿಸುವುದಕ್ಕಿಂತ ಕೈಯಲ್ಲಿ ಮುಟ್ಟಿ ನೋಡುವುದು ಹೇಳಿಕೊಡಿ.

ಬೆಂಡೆಕಾಯಿ. ಹೂ ಬಿದ್ದ ನಾಲ್ಕೈದು ದಿನಕ್ಕೆ ಕಾಯಿ ತಯಾರು. ಉದ್ದ 7ರಿಂದ 10 ಸೆಂಟಿಮೀಟರ್. ತುದಿಯನ್ನು ಹೆಬ್ಬೆರಳಲ್ಲಿ ಬಗ್ಗಿಸಿದರೆ 'ಟಕ್' ಅಂತ ಮುರಿಯಬೇಕು. ಮುರಿಯದೆ ನುಲಿದುಕೊಂಡರೆ ಬಲಿತಿದೆ, ನಾರು ಕಟ್ಟಿದೆ. ಮಕ್ಕಳಿಗೆ ಈ ಟಕ್ ಶಬ್ದ ಎಷ್ಟು ಇಷ್ಟ ಅಂದರೆ, ಬಿಟ್ಟರೆ ಗಿಡದಲ್ಲಿರುವ ಎಲ್ಲ ಕಾಯಿಯ ತುದಿಯನ್ನೂ ಮುರಿದಿಟ್ಟಿರುತ್ತಾರೆ. ಒಬ್ಬರಿಗೆ ಒಂದೇ ಟಕ್ ಅಂತ ಹೇಳಿ. ಗಿಡದ ಸಣ್ಣ ರೋಮ ಕೆಲವರಿಗೆ ತುರಿಕೆ ತರುತ್ತದೆ, ತುಂಬು ತೋಳಿನ ಅಂಗಿ ಇದ್ದರೆ ಒಳ್ಳೆಯದು.

ಬೀನ್ಸ್. ಪೆನ್ಸಿಲ್ ದಪ್ಪ ಇದ್ದಾಗಲೇ ಕೀಳಬೇಕು. ಒಳಗಿನ ಕಾಳು ಹೊರಗಿನಿಂದಲೇ ಉಬ್ಬಿ ಕಾಣುತ್ತಿದ್ದರೆ ತಡವಾಗಿದೆ. ಎರಡು ಮೂರು ದಿನಕ್ಕೊಮ್ಮೆ ಕೀಳುತ್ತಿದ್ದರೆ ಗಿಡ ಹೂ ಬಿಡುತ್ತಲೇ ಇರುತ್ತದೆ. ಕಾಯಿ ಬಲಿಯಲು ಬಿಟ್ಟರೆ, ಬೀಜ ಮಾಡುವ ಕೆಲಸ ಮುಗೀತು ಅಂತ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಬೆಂಡೆ, ಸೌತೆಗೂ ಇದೇ ಮಾತು. ಕೊನೇ ದಿನದವರೆಗೆ ಕಾಯಬೇಡಿ ಅಂದಿದ್ದು ಇದಕ್ಕೇ. ಕಾದರೆ ಫಸಲು ಜಾಸ್ತಿ ಆಗುವುದಿಲ್ಲ, ಕಡಿಮೆ ಆಗುತ್ತದೆ.

ಸೌತೆಕಾಯಿ. ಸಾಮಾನ್ಯ ತಳಿಯಾದರೆ 15ರಿಂದ 20 ಸೆಂಟಿಮೀಟರ್ ಇರುವಾಗ, ಪೂರ್ತಿ ಹಸಿರಾಗಿ ಗಟ್ಟಿಯಾಗಿರುವಾಗ ಕೀಳಿ. ದೊಡ್ಡದಾದಷ್ಟೂ ಬೀಜ ಗಟ್ಟಿ. ಎಲೆಯಡಿ ಅಡಗಿ ಕೂತ ಕಾಯಿ ಹುಡುಕುವುದಕ್ಕೆ ಸಣ್ಣ ಮಕ್ಕಳೇ ಸರಿ, ಅವರ ಕಣ್ಣು ಆ ಎತ್ತರದಲ್ಲೇ ಇರುತ್ತದೆ.

ಬದನೆಕಾಯಿ. ಸಿಪ್ಪೆ ಮಿರಿಮಿರಿ ಹೊಳೆಯುತ್ತಿರಬೇಕು. ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಟ್ಟರೆ ತಗ್ಗು ಮತ್ತೆ ಮೇಲೆ ಬರಬೇಕು. ತಗ್ಗು ಹಾಗೇ ಉಳಿದು, ಹೊಳಪೂ ಹೋಗಿದ್ದರೆ ಒಳಗೆ ಬೀಜ ಬಲಿತು ಕಹಿಯಾಗಿರುತ್ತದೆ. ತೊಟ್ಟಿನ ಹತ್ತಿರ ಮುಳ್ಳಿರುತ್ತದೆ, ನೋಡಿಕೊಂಡು ಹಿಡಿಯಿರಿ.

ಟೊಮೆಟೊ. ಪೂರ್ತಿ ಕೆಂಪಾಗಲಿ ಅಂತ ಕಾಯುತ್ತಾ ಕೂತರೆ ಹಕ್ಕಿ, ಅಳಿಲು ಮೊದಲು ತಿನ್ನುತ್ತವೆ. ತುದಿಯಲ್ಲಿ ಬಣ್ಣ ತಿರುಗಿದ ಹಣ್ಣನ್ನು ಕಿತ್ತಿಟ್ಟರೆ ಒಳಗೇ ಹಣ್ಣಾಗುತ್ತದೆ. ಹಣ್ಣಾಗುವಾಗ ಟೊಮೆಟೊ ತಾನೇ ಎಥಿಲಿನ್ ಅನ್ನುವ ಅನಿಲ ಬಿಡುತ್ತದೆ, ಅದೇ ಅದನ್ನು ಮಾಗಿಸುತ್ತದೆ. ಅದಕ್ಕೆ ಬಿಸಿಲು ಬೇಕಿಲ್ಲ, ನೆರಳಿನ ಮೂಲೆ ಸಾಕು.

ಮುಸುಕಿನ ಜೋಳ. ತೆನೆಯ ಕೂದಲು ಕಂದು ತಿರುಗಿ ಒಣಗಿರಬೇಕು, ಆದರೆ ಹೊರಗಿನ ಸಿಪ್ಪೆ ಇನ್ನೂ ಹಸಿರಾಗಿರಬೇಕು. ಕೂದಲು ಕಾಣಿಸಿದ ಮೂರು ವಾರದ ಆಸುಪಾಸಿನಲ್ಲಿ ಹೀಗಾಗುತ್ತದೆ. ಸಂಶಯ ಇದ್ದರೆ ಸಿಪ್ಪೆಯನ್ನು ಮೇಲಿನಿಂದ ಎರಡು ಬೆರಳಷ್ಟು ಮಾತ್ರ ಬಿಡಿಸಿ, ಒಂದು ಕಾಳಿಗೆ ಉಗುರು ಚುಚ್ಚಿ. ಹಾಲಿನಂಥ ರಸ ಬಂದರೆ ಸರಿಯಾದ ಹದ. ತಿಳಿ ನೀರು ಬಂದರೆ ಇನ್ನೂ ಎಳಸು, ಸಿಪ್ಪೆ ಮುಚ್ಚಿಬಿಡಿ. ಹಿಟ್ಟಿನಂತೆ ಬಂದರೆ ಹದ ದಾಟಿದೆ. ಕಿತ್ತ ಕ್ಷಣದಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗಲು ಶುರು. ಅಂದರೆ ಗಂಟೆ ಕಳೆದಷ್ಟೂ ಸಿಹಿ ಕಮ್ಮಿ. ಒಲೆ ಮೇಲೆ ನೀರಿಟ್ಟೇ ತೋಟಕ್ಕೆ ಹೋಗಿ ಅನ್ನುತ್ತಾರಲ್ಲ, ಸುಮ್ನೆ ಅಲ್ಲ.

ಮೂಲಂಗಿ, ಕ್ಯಾರೆಟ್. ಸಣ್ಣ ಕೆಂಪು ಮೂಲಂಗಿ ನಾಲ್ಕು ವಾರಕ್ಕೇ ಬರುತ್ತದೆ, ಬಿಟ್ಟರೆ ಒಳಗೆ ಬೆಂಡಾಗುತ್ತದೆ. ಕ್ಯಾರೆಟ್ ಆದರೆ ಬುಡದ ಮಣ್ಣು ಸರಿಸಿ ನೋಡಿ, ಭುಜ ಎರಡು ಸೆಂಟಿಮೀಟರ್ ಅಗಲ ಆಗಿದ್ದರೆ ಕೀಳಬಹುದು. ಕಿತ್ತ ಕೂಡಲೇ ಸೊಪ್ಪು ಮುರಿದು ತೆಗೆಯಿರಿ. ಇಲ್ಲದಿದ್ದರೆ ಸೊಪ್ಪು ಗಡ್ಡೆಯ ನೀರನ್ನೇ ಹೀರುತ್ತದೆ, ಸಂಜೆಗೆ ಕ್ಯಾರೆಟ್ ರಬ್ಬರಾಗಿರುತ್ತದೆ.

ಸೊಪ್ಪು. ಬುಡದಿಂದ ನಾಲ್ಕು ಬೆರಳು ಬಿಟ್ಟು ಮೇಲಕ್ಕೆ ಕತ್ತರಿಸಿ, ಅಥವಾ ಹೊರಗಿನ ಎಲೆ ಮಾತ್ರ ತೆಗೆಯಿರಿ. ಮತ್ತೆ ಚಿಗುರುತ್ತದೆ. ಕಿತ್ತ ತಕ್ಷಣ ಒದ್ದೆ ಬಟ್ಟೆಯಲ್ಲಿ ಸುತ್ತಿ.

4. ಕೀಳುವುದು, ಕತ್ತರಿಸುವುದು

ಮಕ್ಕಳು ಎಳೆಯುತ್ತಾರೆ. ಎಳೆದರೆ ಕಾಯಿಯ ಜೊತೆ ಕೊಂಬೆಯೂ ಬರುತ್ತದೆ. 'ಒಂದು ಕೈ ಗಿಡಕ್ಕೆ, ಒಂದು ಕೈ ಕಾಯಿಗೆ' ಅಂತ ಹೇಳಿಕೊಡಿ. ಬೀನ್ಸ್, ಟೊಮೆಟೊ ಕೈಯಲ್ಲೇ ಬರುತ್ತವೆ. ಸೌತೆ, ಬದನೆ, ಬೆಂಡೆಗೆ ಕತ್ತರಿ ಬೇಕು, ಸ್ವಲ್ಪ ತೊಟ್ಟು ಉಳಿಯುವಂತೆ ಕತ್ತರಿಸಿ. ಕುಂಬಳಕಾಯಿಗಾದರೆ ನಾಲ್ಕು ಬೆರಳುದ್ದ ತೊಟ್ಟು ಇರಲಿ. ತೊಟ್ಟು ಮುರಿದ ಜಾಗದಿಂದಲೇ ಅದು ಕೊಳೆಯುವುದು. ಕ್ಯಾರೆಟ್ಟನ್ನು ಸೊಪ್ಪು ಹಿಡಿದು ಜಗ್ಗಿದರೆ ಸೊಪ್ಪು ಮಾತ್ರ ಕೈಗೆ ಬರುತ್ತದೆ. ಮೊದಲು ಮಣ್ಣು ಸಡಿಲಿಸಿ.

ಕತ್ತರಿ ಹಿಡಿದವರು ಓಡುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಕತ್ತರಿ ಎಣಿಸಿ ತೆಗೆದುಕೊಳ್ಳಿ. ಐದು ಕೊಟ್ಟು ನಾಲ್ಕು ವಾಪಸ್ ಬಂದರೆ ಐದನೆಯದು ಎಲ್ಲೋ ಬರಿಗಾಲಿಗೆ ಕಾಯುತ್ತಿರುತ್ತದೆ.

ಹಸಿಮೆಣಸಿನಕಾಯಿ ಕೀಳುವುದನ್ನು ದೊಡ್ಡವರೇ ಮಾಡಿ. ಅದರ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಕೊಬ್ಬಿನಲ್ಲಿ ಕರಗುತ್ತದೆ. ಕೈಗೆ ತಗುಲಿದರೆ ಸ್ವಲ್ಪ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಾಯಿ ಉರಿದರೆ ನೀರಿಗಿಂತ ಹಾಲು ಮೊಸರು ಕೆಲಸ ಮಾಡುತ್ತದೆ. ಕಣ್ಣಿಗೆ ಹೋದರೆ ಮಾತ್ರ ತುಂಬ ಹೊತ್ತು ಬರೀ ಶುದ್ಧ ನೀರು ಹಾಕಿ ತೊಳೆಯಬೇಕು, ಎಣ್ಣೆ ಹಾಲು ಏನೂ ಬೇಡ. ಉರಿ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ.

5. ತೊಳೆಯುವುದು, ತೂಗುವುದು

ಮೊದಲು ಕೈ. ಸೋಪು ಹಾಕಿ 20 ಸೆಕೆಂಡು, ಉಗುರಿನ ಸಂದಿಯೂ ಸೇರಿ. ತರಕಾರಿಗೆ ಮಾತ್ರ ಸೋಪು ಬೇಡ, ಅದರ ಸಿಪ್ಪೆ ಸೋಪನ್ನು ಹೀರಿಕೊಳ್ಳುತ್ತದೆ. ಕುಡಿಯುವ ನೀರನ್ನೇ ಹರಿಯುವಂತೆ ಬಿಟ್ಟು ಉಜ್ಜಿ ತೊಳೆಯಿರಿ. ಸೊಪ್ಪನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಎತ್ತಿ. ಪಾತ್ರೆಯನ್ನು ಬಗ್ಗಿಸಿ ನೀರು ಚೆಲ್ಲಬೇಡಿ, ತಳದಲ್ಲಿ ಕೂತ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ನೀರಿನಲ್ಲಿ ಮರಳು ಕಾಣದಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ.

ಅವತ್ತು ತಿನ್ನುವುದನ್ನು ಮಾತ್ರ ತೊಳೆಯಿರಿ. ತೊಳೆದು ಒದ್ದೆಯಾಗಿಯೇ ಇಟ್ಟ ತರಕಾರಿ ಬೇಗ ಕೊಳೆಯುತ್ತದೆ.

ತೂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಸಿ: ದಿನಾಂಕ, ಗಿಡ, ಗ್ರಾಂ. ಇದು ಬರೀ ಲೆಕ್ಕದ ಆಟ ಅಲ್ಲ. ಅಡುಗೆಯವರಿಗೆ ಏನು ಮಾಡಬಹುದು ಅಂತ ಗೊತ್ತಾಗುವುದು ಇದರಿಂದಲೇ. ಮೂವತ್ತು ಮಕ್ಕಳಿಗೆ ತಲೆಗೆ 100 ಗ್ರಾಂ ಅಂದರೂ 3 ಕಿಲೋ ಬೇಕು, ಸಣ್ಣ ತೋಟದಲ್ಲಿ ಒಂದೇ ದಿನ ಅಷ್ಟು ಬರುವುದು ಅಪರೂಪ. ಬರಲಿಲ್ಲ ಅಂತ ಪೆಚ್ಚಾಗಬೇಡಿ. 20 ಸೆಂಟಿಮೀಟರ್‌ನ ಒಂದೇ ಸೌತೆಕಾಯಿಯನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿದರೆ ನಲವತ್ತು ಬಿಲ್ಲೆ. ಎಲ್ಲರಿಗೂ ಒಂದೊಂದು ಬಂತಲ್ಲ! ದೊಡ್ಡ ಅಡುಗೆ ಹೊರಗಿನಿಂದ ತಂದ ತರಕಾರಿಯಲ್ಲಿ ನಡೆಯಲಿ, ತೋಟದ್ದು ಅದರ ಮೇಲೆ ಸೇರಲಿ.

6. ಹಸಿಯಾಗಿ ತಿನ್ನಬಹುದಾದದ್ದು, ತಿನ್ನಬಾರದ್ದು

ಬಿಸಿಲಲ್ಲಿ ಬೆಳೆದ ಟೊಮೆಟೊ, ಎಳೇ ಸೌತೆ, ಕ್ಯಾರೆಟ್, ಮೂಲಂಗಿ ಇವನ್ನು ತೊಳೆದು ಹಾಗೇ ತಿನ್ನಬಹುದು. ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ, ಅಷ್ಟೇ. ಆದರೆ ಕೆಲವು ಎಚ್ಚರಿಕೆ ಇಲ್ಲಿವೆ. ಇದನ್ನು ಹಾರಿಸಿಕೊಂಡು ಓದಬೇಡಿ.

ಸೌತೆ, ಸೋರೆ, ಕುಂಬಳ ಒಂದೇ ಕುಟುಂಬದವು. ಕೆಲವೊಮ್ಮೆ ಇವುಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಸೇರಿಕೊಳ್ಳುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ಜಾಸ್ತಿ ಹೊಟ್ಟೆಗೆ ಹೋದರೆ ವಾಂತಿ ಭೇದಿ ಗ್ಯಾರಂಟಿ. ಹಾಗಾಗಿ ಪ್ರತಿಯೊಂದು ಕಾಯಿಯ ಸಣ್ಣ ಚೂರನ್ನು ದೊಡ್ಡವರೊಬ್ಬರು ನಾಲಿಗೆಗೆ ಮುಟ್ಟಿಸಿ ನೋಡಲಿ. ಸೌತೆಯ ತೊಟ್ಟಿನ ತುದಿ ಮಾತ್ರ ಸ್ವಲ್ಪ ಕಹಿ ಇದ್ದರೆ ಆ ಭಾಗ ಕತ್ತರಿಸಿ, ಉಳಿದದ್ದನ್ನು ಮತ್ತೆ ರುಚಿ ನೋಡಿ. ಕಾಯಿಯೇ ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಎಸೆದುಬಿಡಿ. ಸೋರೆ ಕಹಿ ಇದ್ದರಂತೂ ಎರಡನೇ ಯೋಚನೆಯೇ ಬೇಡ. ಹಾಗಲಕಾಯಿಯ ಕಹಿ ಅದರ ಹುಟ್ಟುಗುಣ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬೀನ್ಸನ್ನು ಹಸಿಯಾಗಿ ತಿನ್ನಲು ಕೊಡಬೇಡಿ. ಹಸಿ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಅನ್ನುವ ಪ್ರೋಟೀನ್ ಇರುತ್ತದೆ, ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಟೊಮೆಟೊ, ಆಲೂಗಡ್ಡೆ, ಬದನೆ ಗಿಡದ ಎಲೆ ತಿನ್ನುವಂಥದ್ದಲ್ಲ. ಬೆಳಕಿಗೆ ಬಿದ್ದು ಹಸಿರು ತಿರುಗಿದ ಆಲೂಗಡ್ಡೆಯೂ ಬೇಡ.

ಐದು ವರ್ಷದೊಳಗಿನ ಮಕ್ಕಳಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇರುತ್ತದೆ. ಚೆರ್ರಿ ಟೊಮೆಟೊವನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಹಸಿ ಕ್ಯಾರೆಟ್ ತುರಿದು ಕೊಡಿ, ದುಂಡು ಬಿಲ್ಲೆ ಬೇಡ. ತಿನ್ನುವಾಗ ಕೂತೇ ತಿನ್ನಲಿ.

7. ಅಡುಗೆ

ಏಳೆಂಟು ವರ್ಷದ ಮಕ್ಕಳು ಸಣ್ಣ ಚಾಕುವಿನಲ್ಲಿ ಹೆಚ್ಚಬಲ್ಲರು, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ತರಕಾರಿ ಹಿಡಿದ ಕೈಯ ಬೆರಳುಗಳು ಬೆಕ್ಕಿನ ಪಂಜದ ಹಾಗೆ ಒಳಕ್ಕೆ ಮಡಿಚಿರಬೇಕು. ಉರುಳುವ ತರಕಾರಿಯನ್ನು ಮೊದಲು ಉದ್ದಕ್ಕೆ ಸೀಳಿ, ಚಪ್ಪಟೆ ಭಾಗ ಹಲಗೆಗೆ ತಾಗಿಸಿ ಕೊಡಿ. ಅದಕ್ಕಿಂತ ಚಿಕ್ಕವರು ಸೊಪ್ಪು ಬಿಡಿಸಲಿ, ಬೀನ್ಸ್ ಮುರಿಯಲಿ. ಒಲೆ ಹತ್ತಿರ ದೊಡ್ಡವರು ಮಾತ್ರ.

ಅಡುಗೆ ಸರಳ ಇದ್ದಷ್ಟೂ ಒಳ್ಳೆಯದು. ಮಸಾಲೆ ಜಾಸ್ತಿ ಹಾಕಿದರೆ ತಾನು ಬೆಳೆದದ್ದು ಯಾವುದು ಅಂತಲೇ ಮಗುವಿಗೆ ಗೊತ್ತಾಗುವುದಿಲ್ಲ. ಎಳೇ ಸಿಹಿ ಜೋಳಕ್ಕೆ ಕುದಿಯುವ ನೀರಿನಲ್ಲಿ ಐದು ನಿಮಿಷ ಸಾಕು. ಬೀನ್ಸ್ ಮೆತ್ತಗಾಗುವವರೆಗೆ ಬೇಯಲಿ. ಬೆಂಡೆಕಾಯಿಯ ಲೋಳೆ ಮಕ್ಕಳಿಗೆ ಆಗುವುದಿಲ್ಲ. ಅದಕ್ಕೆ ಉಪಾಯ ಇದೆ: ತೊಳೆದು, ಪೂರ್ತಿ ಒರೆಸಿ ಆರಿಸಿ, ಆಮೇಲೆ ಹೆಚ್ಚಿ. ಅಗಲ ಬಾಣಲೆಯಲ್ಲಿ ಬಿಸಿ ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಹಾಕಿ, ಮುಚ್ಚಳ ಮುಚ್ಚಬೇಡಿ, ಉಪ್ಪು ಕೊನೆಗೆ. ತುಂಬಿ ತುಳುಕುವಷ್ಟು ಹಾಕಿದರೆ ಹುರಿಯುವ ಬದಲು ಅದರ ನೀರಿನಲ್ಲೇ ಬೇಯುತ್ತದೆ, ಮತ್ತೆ ಲೋಳೆ.

ಇನ್ನು ತಿನ್ನಿಸುವ ವಿಚಾರ. ಬಲವಂತ ಬೇಡ. 'ತಿಂದರೆ ಚಾಕೊಲೇಟ್ ಕೊಡ್ತೀನಿ' ಅನ್ನುವುದೂ ಬೇಡ. ಹಾಗಂದರೆ ತರಕಾರಿ ಒಂದು ಶಿಕ್ಷೆ ಅಂತ ನಾವೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಹೊಸ ರುಚಿ ಹಿಡಿಸಲು ಮಗುವಿಗೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಲ ರುಚಿ ನೋಡಬೇಕಾಗುತ್ತದೆ. ಎರಡು ದಿನಕ್ಕೊಮ್ಮೆ ಕೀಳುವ ಕ್ರಮ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಇವತ್ತು ಮೂಸಿ ನೋಡಿದ್ದನ್ನು ನಾಳಿದ್ದು ನೆಕ್ಕುತ್ತಾರೆ, ಆಚೆ ವಾರ ಕಚ್ಚುತ್ತಾರೆ. 'ಚೆನ್ನಾಗಿದೆಯಾ?' ಅಂತ ಕೇಳುವ ಬದಲು 'ಗರಿಗರಿ ಇದೆಯಾ, ಸಿಹಿ ಇದೆಯಾ, ಹುಳಿಯಾ?' ಅಂತ ಕೇಳಿ. 'ಥೂ' ಅನ್ನುವ ಮಗು ಕೂಡ ಯಾಕೆ ಥೂ ಅಂತ ಹೇಳುವುದಕ್ಕೆ ಇನ್ನೊಂದು ಸಲ ಕಚ್ಚಿ ನೋಡುತ್ತದೆ.

8. ಉಳಿದದ್ದು

ಹೆಚ್ಚಿದ ತರಕಾರಿ, ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆಮೇಲೆ ಫ್ರಿಜ್‌ಗೆ ಹೋಗಲಿ.

ಟೊಮೆಟೊ ಮಾತ್ರ ಹಣ್ಣಾಗುವವರೆಗೆ ಫ್ರಿಜ್‌ನಲ್ಲಿಡಬೇಡಿ, ತಂಪಿಗೆ ಅದರ ರುಚಿ ಸಾಯುತ್ತದೆ. ಬೀನ್ಸ್ ಜಾಸ್ತಿ ಬಂದರೆ ಬ್ಲಾಂಚ್ ಮಾಡಿ, ಅಂದರೆ ಕುದಿಯುವ ನೀರಿಗೆ ಮೂರು ನಿಮಿಷ ಹಾಕಿ ತೆಗೆದು ತಕ್ಷಣ ಐಸ್ ನೀರಿಗೆ ಹಾಕುವುದು. ನೀರು ಬಸಿದು ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಇಷ್ಟಕ್ಕೇ ಅದು ಪೂರ್ತಿ ಬೆಂದಿರುವುದಿಲ್ಲ, ತಿನ್ನುವ ಮುಂಚೆ ಮತ್ತೆ ಬೇಯಿಸಿ. ಗಾಳಿಯಾಡದ ಬಾಟಲಿಯಲ್ಲಿ ತರಕಾರಿ ತುಂಬಿ ಮುಚ್ಚಿಡುವ ಪ್ರಯೋಗಕ್ಕೆ ಮಾತ್ರ ಶಿಬಿರದಲ್ಲಿ ಕೈ ಹಾಕಬೇಡಿ. ಹುಳಿ ಇಲ್ಲದ ತರಕಾರಿಯನ್ನು ಸರಿಯಾದ ಒತ್ತಡ, ಶಾಖ ಇಲ್ಲದೆ ಹಾಗೆ ಮುಚ್ಚಿಟ್ಟರೆ ಬೊಟುಲಿಸಂ ಎನ್ನುವ ಪ್ರಾಣಾಂತಿಕ ಕಾಯಿಲೆ ತರುವ ವಿಷ ಹುಟ್ಟಬಹುದು, ಅದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು.

ಕೊನೆಗೆ, ಯಾರ ಕಣ್ಣಿಗೂ ಬೀಳದೆ ಬಲಿತುಹೋದ ಒಂದೆರಡು ಬೀನ್ಸ್ ಇದ್ದೇ ಇರುತ್ತವೆ. ಅವನ್ನು ಕೀಳಬೇಡಿ, ಗಿಡದಲ್ಲೇ ಒಣಗಲಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಕಾಳು ಗಿಲಕಿಯ ಹಾಗೆ ಸದ್ದು ಮಾಡಿದರೆ ಬಿಡಿಸಿ, ನೆರಳಲ್ಲಿ ಇನ್ನಷ್ಟು ಒಣಗಿಸಿ, ಕಾಗದದ ಕವರಿನಲ್ಲಿ ಹಾಕಿಡಿ. ಮೇಲೆ ತಳಿಯ ಹೆಸರು, ವರ್ಷ, ಬಿಡಿಸಿದ ಮಕ್ಕಳ ಹೆಸರು ಬರೆಸಿ. ತಂದ ಬೀಜದ ಪೊಟ್ಟಣದ ಮೇಲೆ ಹೈಬ್ರಿಡ್ ಅಂತ ಇದ್ದರೆ ಈ ಕಷ್ಟ ಬೇಡ, ಮುಂದಿನ ವರ್ಷ ಅದೇ ಥರದ ಕಾಯಿ ಬರುವುದಿಲ್ಲ.